ಶನಿವಾರದ ಬೆಳಗು ಮತ್ತು ನಮ್ಮ ಮಕ್ಕಳು

ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ವಾರಕ್ಕೆ ಐದು ದಿನದ ಕೆಲಸವೆಂಬ ಏರ್ಪಾಡು 1985ರಲ್ಲಿ ಜಾರಿಗೆ ಬಂದಿತು. ಅದರ ಪುಣ್ಯದಿಂದ ದೆಹಲಿಯ ಸರ್ಕಾರಿ ವಸತಿಗೃಹಗಳಲ್ಲಿರುವ ನಮ್ಮಂತಹ ಗುಮಾಸ್ತರಿಗೆ ಶನಿವಾರದ ಬೆಳಗು ತುಸು ನಿಧಾನವಾಗಿಯೇ ಆಗುತ್ತದೆ. ಎರಡನೆಯ ಲೋಟ ಕಾಫಿಯನ್ನು ಕುಳಿತು ಕುಡಿಯುವ ಭಾಗ್ಯ ನಮಗೆ ಒದಗುವುದು ಅಂದೇ.

ಕಳೆದ ಚಳಿಗಾಲದಲ್ಲಿ ನಮ್ಮ ತಾಯಿಯವರು ತಿಪಟೂರಿನಿಂದ ಬಂದು ಮೂರು ತಿಂಗಳು ನಮ್ಮೊಡನೆ ಇದ್ದರು. ಒಂದು ಶನಿವಾರ, ಹೊರಗೆ ಮಂಜು ಕವಿದು ಎದುರಿನ ಮನೆಯೂ ಕಾಣದಂತಿದ್ದ ಹೊತ್ತಿನಲ್ಲಿ, ಅವರು ಕಾಲಿಗೆ ಉಣ್ಣೆಯ ಚೀಲ ಹಾಕಿಕೊಂಡು ಮಂಚದ ಒಂದು ತುದಿಗೆ ಕುಳಿತಿದ್ದರು. ಇನ್ನೊಂದು ತುದಿಯಲ್ಲಿ ಏಳು ವರ್ಷದ ನಮ್ಮ ಮಗಳು ರಜಾಯಿಯೊಳಗೆ ಮೊಬೈಲು ಹಿಡಿದು ಮಲಗಿದ್ದಳು. ರಜಾಯಿಯ ಒಳಗಿನಿಂದ ಆಗಾಗ ನಗು ಮಾತ್ರ ಕೇಳಿಬರುತ್ತಿತ್ತು.

"ಏನು ನೋಡ್ತಿದ್ದೀಯೇ ಪುಟ್ಟಿ? ನಂಗೂ ಒಂಚೂರು ತೋರ್ಸೇ" ಎಂದರು ತಾಯಿಯವರು.

"ಕುಛ್ ನಹೀ ಅಜ್ಜಿ, ಕಾರ್ಟೂನ್ ಹೈ" ಎಂದು ಒಳಗಿನಿಂದಲೇ ಉತ್ತರ ಬಂದಿತು.

ತಾಯಿಯವರು ನಮ್ಮ ಕಡೆ ತಿರುಗಿ "ಏನಂತಾಳೋ ಇವಳು?" ಎಂದು ಕೇಳಿದರು. ಒಂದೇ ಮಂಚದ ಮೇಲೆ ಕುಳಿತ ಅಜ್ಜಿಗೂ ಮೊಮ್ಮಗಳಿಗೂ ನಡುವೆ ನಾವು ದುಭಾಷಿಯ ಕೆಲಸ ಮಾಡಬೇಕಾಯಿತು. ಕಚೇರಿಯಲ್ಲಿ ಹಿಂದಿಯ ಕಡತವನ್ನು ಇಂಗ್ಲಿಷಿಗೂ ಇಂಗ್ಲಿಷಿನದನ್ನು ಹಿಂದಿಗೂ ತಿರುಗಿಸಿ ನಮಗೆ ಅಭ್ಯಾಸವಿದೆ. ಆದರೆ ಮನೆಯಲ್ಲಿ ಮಾಡಿದ ಈ ತರ್ಜುಮೆ ಮಾತ್ರ ಆ ದಿನವೆಲ್ಲ ಮನಸ್ಸನ್ನು ಚುಚ್ಚುತ್ತಲೇ ಇತ್ತು.

ಅದೇ ವಾರ ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಮ್ಮ ದೊಡ್ಡಪ್ಪನವರ ಮಗ ಊರಿಗೆ ಹೋಗುವ ದಾರಿಯಲ್ಲಿ ನಮ್ಮಲ್ಲಿಗೆ ಬಂದಿದ್ದರು. ಈ ಪ್ರಸಂಗವನ್ನು ಕೇಳಿ ನಕ್ಕು, "ನಮ್ಮ ಹುಡುಗರು ಚಿಕ್ಕೋರಿದ್ದಾಗ ಶನಿವಾರ ನಾವು ಏಳೋದ್ರೊಳಗೇ ಎದ್ದು ಟಿ.ವಿ. ಮುಂದೆ ಸಾಲಾಗಿ ಕೂತಿರ್ತಿದ್ರು ಕಣೋ. ಅದನ್ನ ಬೈಯ್ಕೋತಿದ್ವಿ. ಈಗ ಅಲ್ಲಿ ಅದೂ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಪರದೆ" ಎಂದರು. ಅಮೆರಿಕಾದ ಶನಿವಾರದ ಬೆಳಗಿಗೆ ಏನಾಯಿತೆಂದು ತಿಳಿಯಬೇಕೆಂಬ ಕುತೂಹಲ ನಮಗೆ ಹುಟ್ಟಿದ್ದು ಹೀಗೆ. ಓದಿ ತಿಳಿದುಕೊಂಡದ್ದನ್ನೂ, ಅದರಿಂದ ನಮ್ಮ ಮನೆಯಲ್ಲಿ ಆದದ್ದನ್ನೂ ವಾಚಕರ ಮುಂದಿಡುತ್ತಿದ್ದೇವೆ.

ವಾರಕ್ಕೊಮ್ಮೆ ಬರುತ್ತಿದ್ದ ಹಬ್ಬ

ಅಮೆರಿಕಾ ದೇಶದಲ್ಲಿ ಶನಿವಾರ ಶಾಲೆಗಳಿಗೆ ರಜೆ. ವಾರವೆಲ್ಲ ದುಡಿದ ತಂದೆತಾಯಿಗಳು ಅಂದು ಹೊತ್ತೇರುವವರೆಗೆ ಮಲಗುತ್ತಾರೆ. ಮಕ್ಕಳೋ ಎಲ್ಲ ದೇಶದ ಮಕ್ಕಳಂತೆ ರಜೆಯ ದಿನವೇ ಬೇಗ ಏಳುತ್ತಾರೆ. ದೊಡ್ಡವರು ನೋಡದ ಆ ಹೊತ್ತಿಗೆ ಟೆಲಿವಿಷನ್ ಕಂಪನಿಗಳಲ್ಲಿ ಬೆಲೆ ಇರಲಿಲ್ಲ. ಆ ಅಗ್ಗದ ಹೊತ್ತನ್ನು ಮಕ್ಕಳಿಗೆ ಬಿಟ್ಟುಕೊಟ್ಟದ್ದರಿಂದಲೇ ಈ ಕಥೆ ಆರಂಭವಾಗುತ್ತದೆ.

1955ರಲ್ಲಿ ಸಿ.ಬಿ.ಎಸ್. ಎಂಬ ಟೆಲಿವಿಷನ್ ಜಾಲವು 'ಮೈಟಿ ಮೌಸ್' ಎಂಬ ಇಲಿಯ ಕಾರ್ಟೂನುಗಳನ್ನು ಶನಿವಾರ ಬೆಳಿಗ್ಗೆ ತೋರಿಸತೊಡಗಿತು. ಚಿತ್ರಮಂದಿರಗಳಿಗಾಗಿ ಹಿಂದೆ ತಯಾರಾಗಿದ್ದ ತುಣುಕುಗಳೇ ಅವು. ಮಕ್ಕಳು ಕಿಕ್ಕಿರಿದು ನೋಡಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಸಿ.ಬಿ.ಎಸ್.ನಲ್ಲಿ ಕಾರ್ಯಕ್ರಮಗಳ ಹೊಣೆ ಹೊತ್ತಿದ್ದ ಫ್ರೆಡ್ ಸಿಲ್ವರ್‌ಮನ್ ಎಂಬ ತರುಣ ಅಧಿಕಾರಿ ಶನಿವಾರದ ಬೆಳಗನ್ನೆಲ್ಲ ಹೊಸ ಕಾರ್ಟೂನುಗಳಿಂದ ತುಂಬಿದರು. ಉಳಿದ ಜಾಲಗಳಾದ ಎನ್.ಬಿ.ಸಿ., ಎ.ಬಿ.ಸಿ.ಗಳೂ ಅದೇ ದಾರಿ ಹಿಡಿದವು.

ಅಷ್ಟೊಂದು ಕಾರ್ಟೂನುಗಳನ್ನು ವಾರವಾರವೂ ತಯಾರಿಸುವುದು ಹೇಗೆ ಸಾಧ್ಯವಾಯಿತೆಂಬುದು ತಿಳಿಯತಕ್ಕ ಸಂಗತಿ. ಸಿನಿಮಾ ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರಗಳು ಸರಿದುಹೋಗುತ್ತವೆ. ಡಿಸ್ನಿಯವರಂತೆ ಚೊಕ್ಕಟವಾಗಿ ಮಾಡಹೊರಟರೆ ಒಂದೊಂದು ಸೆಕೆಂಡಿಗೂ ಹನ್ನೆರಡೋ ಇಪ್ಪತ್ತನಾಲ್ಕೋ ಬೇರೆ ಬೇರೆ ಚಿತ್ರಗಳನ್ನು ಕೈಯಲ್ಲಿ ಬರೆಯಬೇಕು. 'ಟಾಮ್ ಅಂಡ್ ಜೆರ್ರಿ'ಯನ್ನು ಮಾಡಿ ಹೆಸರಾಗಿದ್ದ ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಎಂಬ ಜೋಡಿ 1957ರಲ್ಲಿ ತಮ್ಮದೇ ಕಂಪನಿಯನ್ನು ತೆರೆದು ಟೆಲಿವಿಷನ್ನಿನ ಬಡ ಖರ್ಚಿಗೆ ಹೊಂದುವ ಉಪಾಯವನ್ನು ಬಳಕೆಗೆ ತಂದರು. ಮೈ ಹಾಗೆಯೇ ನಿಂತಿರುವುದು. ಬಾಯಿ, ಕಣ್ಣು, ಒಂದು ಕೈ ಇಷ್ಟೇ ಆಡುವುದು. ಪಾತ್ರ ಓಡುವಾಗ ಹಿಂದಿನ ಮರ, ಮನೆಗಳ ಅದೇ ಚಿತ್ರ ಮತ್ತೆ ಮತ್ತೆ ಸುತ್ತಿಬರುವುದು. ನಮ್ಮ ಹಳ್ಳಿಯ ನಾಟಕಗಳಲ್ಲಿ ಒಂದೇ ಪರದೆ ಅರಮನೆಯೂ ಆಗಿ ಕಾಡೂ ಆಗುವಂತೆಯೇ ಸರಿ. ನೋಡುವ ಮಕ್ಕಳು ತಕರಾರು ಮಾಡಲಿಲ್ಲ.

ಬಂಡವಾಳ ಹಾಕಿದವರು ಆಟಿಕೆಯ ಕಂಪನಿಗಳವರು ಹಾಗೂ ಬೆಳಗಿನ ಉಪಾಹಾರಕ್ಕೆ ಹಾಲಿನಲ್ಲಿ ನೆನೆಸಿ ತಿನ್ನುವ ಸಿಹಿ ಅವಲಕ್ಕಿಯಂಥ ಸೀರಿಯಲ್ ತಯಾರಕರು. ಒಂದು ಕಾಲಕ್ಕೆ ಗಂಟೆಗೆ 16 ನಿಮಿಷದವರೆಗೆ ಜಾಹೀರಾತುಗಳೇ ಇರುತ್ತಿದ್ದುವು. ಮಗು ಬಟ್ಟಲಿನಲ್ಲಿ ಸೀರಿಯಲ್ ತಿನ್ನುತ್ತ ಸೀರಿಯಲ್ ಜಾಹೀರಾತನ್ನೇ ನೋಡುತ್ತಿತ್ತೆಂದರೆ ಆ ವ್ಯಾಪಾರದ ಚಾತುರ್ಯವನ್ನು ಊಹಿಸಬಹುದು.

ತಾಯಂದಿರ ಹೋರಾಟ

ಇಷ್ಟೆಲ್ಲ ನಡೆದಾಗ ಅಲ್ಲಿನ ತಂದೆತಾಯಿಗಳು ಸುಮ್ಮನಿದ್ದರೆಂದು ತಿಳಿಯಬಾರದು. 1961ರಲ್ಲಿಯೇ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ನಿನ ಅಧ್ಯಕ್ಷರಾಗಿದ್ದ ನ್ಯೂಟನ್ ಮಿನೋ ಅವರು ಟೆಲಿವಿಷನ್ ಮಾಲೀಕರ ಸಭೆಯಲ್ಲಿ ನಿಂತು, ನೀವು ಬೆಳೆಸಿರುವುದು ವಿಶಾಲವಾದ ಒಂದು ಬಂಜರು ಭೂಮಿ ಎಂಬರ್ಥದ ಮಾತನ್ನು ಮುಖಕ್ಕೆ ಹೇಳಿದ್ದರು. 1968ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಪೆಗ್ಗಿ ಚಾರೆನ್ ಎಂಬ ತಾಯಿ ಕೆಲವು ಗೆಳತಿಯರನ್ನು ಕೂಡಿಕೊಂಡು 'ಆಕ್ಷನ್ ಫಾರ್ ಚಿಲ್ಡ್ರನ್ಸ್ ಟೆಲಿವಿಷನ್' ಎಂಬ ಸಂಘವನ್ನು ಸ್ಥಾಪಿಸಿದರು. ಕಾರ್ಟೂನನ್ನು ನಿಲ್ಲಿಸಿರೆಂಬುದು ಅವರ ಬೇಡಿಕೆಯಾಗಿರಲಿಲ್ಲ. ಮಕ್ಕಳನ್ನು ಗಿರಾಕಿಗಳೆಂದು ಕಾಣಬೇಡಿರಿ, ಅವರಿಗೆ ಬೇರೆ ಬೇರೆ ಬಗೆಯ ಒಳ್ಳೆಯ ಕಾರ್ಯಕ್ರಮಗಳನ್ನು ಕೊಡಿರಿ ಎಂಬುದಷ್ಟೇ ಆಗಿತ್ತು.

ಇಂತಹ ಒತ್ತಾಯಗಳ ಫಲವು ಬೇಗ ಕಾಣಿಸಿಕೊಂಡಿತು. ಹೊಡೆದಾಟದ ಕಾರ್ಟೂನುಗಳ ಬಗೆಗೆ ದೂರುಗಳು ಹೆಚ್ಚಿದಾಗ ಸಿ.ಬಿ.ಎಸ್. 1969ರ ಸೆಪ್ಟೆಂಬರಿನಲ್ಲಿ 'ಸ್ಕೂಬಿ-ಡೂ' ಎಂಬ ಪುಕ್ಕಲು ನಾಯಿಯ ಪತ್ತೇದಾರಿ ಕಥೆಗಳನ್ನು ತಂದಿತು. ಅದೇ ವರ್ಷದ ನವೆಂಬರಿನಲ್ಲಿ ಜಾಹೀರಾತಿಲ್ಲದ ಸಾರ್ವಜನಿಕ ನಿಲಯಗಳಲ್ಲಿ 'ಸೆಸಮಿ ಸ್ಟ್ರೀಟ್' ಆರಂಭವಾಯಿತು. 1973ರಿಂದ ಎ.ಬಿ.ಸಿ. ಜಾಲವು ಕಾರ್ಟೂನುಗಳ ನಡುವೆ 'ಸ್ಕೂಲ್‌ಹೌಸ್ ರಾಕ್' ಎಂಬ ಪುಟ್ಟ ಹಾಡುಗಳನ್ನು ಇಟ್ಟು ಮಗ್ಗಿ, ವ್ಯಾಕರಣ ಕಲಿಸತೊಡಗಿತು. ಕಾರ್ಯಕ್ರಮ ನಡೆಸಿಕೊಡುವ ಅಣ್ಣನೋ ಅಕ್ಕನೋ ಅದೇ ಕಾರ್ಯಕ್ರಮದಲ್ಲಿ ಸಾಮಾನು ಮಾರಬಾರದೆಂದು 1974ರಲ್ಲಿ ಕಮಿಷನ್ನು ಕಟ್ಟಪ್ಪಣೆ ಮಾಡಿತು.

ಮುಂದೆ 1984ರಲ್ಲಿ ಸರ್ಕಾರ ಈ ಕಟ್ಟುಪಾಡುಗಳನ್ನು ಸಡಿಲಿಸಿದಾಗ ಆಟಿಕೆಯ ಗೊಂಬೆಗಳೇ ಕಥಾನಾಯಕರಾಗಿ ಪೂರ್ತಿ ಅರ್ಧ ಗಂಟೆಯೂ ಜಾಹೀರಾತಿನಂತೆ ಆದದ್ದುಂಟು. ಆಗ ಮತ್ತೆ ತಾಯಂದಿರು ಎದ್ದರು. 1990ರಲ್ಲಿ ಮಕ್ಕಳ ಟೆಲಿವಿಷನ್ ಶಾಸನ ಬಂದಿತು. ಮಕ್ಕಳ ಕಾರ್ಯಕ್ರಮದಲ್ಲಿ ಜಾಹೀರಾತು ಶನಿವಾರ ಭಾನುವಾರಗಳಂದು ಗಂಟೆಗೆ ಹತ್ತೂವರೆ ನಿಮಿಷವನ್ನೂ ಉಳಿದ ದಿನಗಳಲ್ಲಿ 12 ನಿಮಿಷವನ್ನೂ ಮೀರಕೂಡದು. ಪರವಾನಗಿ ನವೀಕರಣವಾಗಬೇಕಾದರೆ ಪ್ರತಿ ನಿಲಯವೂ ಮಕ್ಕಳ ವಿದ್ಯಾಭಿವೃದ್ಧಿಗೆ ಏನು ಮಾಡಿತೆಂದು ಲೆಕ್ಕ ಒಪ್ಪಿಸಬೇಕು.

ಲೆಕ್ಕ ಒಪ್ಪಿಸಿದ ರೀತಿ ನಮ್ಮಂತಹ ಕಚೇರಿಯವರಿಗೆ ಚಿರಪರಿಚಿತವಾದದ್ದೇ. 'ದಿ ಜೆಟ್ಸನ್ಸ್' ಎಂಬ ತಮಾಷೆಯ ಕಾರ್ಟೂನು ಇಪ್ಪತ್ತೊಂದನೆಯ ಶತಮಾನದ ಜೀವನವನ್ನು ಪರಿಚಯಿಸುತ್ತದೆ, ಆದಕಾರಣ ಅದು ವಿದ್ಯಾಪ್ರದವಾದುದು ಎಂದು ಬರೆದುಕೊಟ್ಟ ನಿಲಯವೂ ಇತ್ತು! ಇದನ್ನೆಲ್ಲ ಕಂಡು 1996ರಲ್ಲಿ ಕಮಿಷನ್ನು ನಿಯಮವನ್ನು ಬಿಗಿಮಾಡಿ, ವಾರಕ್ಕೆ 3 ಗಂಟೆಗಳ ವಿದ್ಯಾಪ್ರದ ಕಾರ್ಯಕ್ರಮವಿರಲೇಬೇಕೆಂದು ಗೊತ್ತುಪಡಿಸಿತು.

ಹಬ್ಬ ನಿಂತುಹೋದದ್ದು

ಇಷ್ಟಾದ ಮೇಲೆ ಶನಿವಾರದ ಬೆಳಗು ಬಂಗಾರವಾಗಬೇಕಿತ್ತಲ್ಲವೇ? ಆಗಲಿಲ್ಲ. ಕಾನೂನು ಬರುವ ಹೊತ್ತಿಗೆ ಮಕ್ಕಳೇ ಬೇರೆ ಕಡೆ ಹೊರಟಿದ್ದರು. ಕೇಬಲ್ ಮೂಲಕ 1979ರಲ್ಲಿ ನಿಕಲೋಡಿಯನ್, 1983ರಲ್ಲಿ ಡಿಸ್ನಿ ಚಾನೆಲ್, 1992ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಬಂದಿದ್ದುವು. ಹಗಲು ರಾತ್ರಿ ಕಾರ್ಟೂನು ಸಿಗುವಾಗ ಶನಿವಾರಕ್ಕಾಗಿ ಕಾಯುವವರಾರು? ಎನ್.ಬಿ.ಸಿ. 1992ರಲ್ಲಿಯೇ ಶನಿವಾರದ ಕಾರ್ಟೂನುಗಳನ್ನು ಕೈಬಿಟ್ಟು ಸುದ್ದಿಗೂ ಹರೆಯದವರ ನಾಟಕಗಳಿಗೂ ಆ ಹೊತ್ತನ್ನು ಕೊಟ್ಟಿತು. ಮಕ್ಕಳು ಕಡಿಮೆಯಾದಂತೆ ಜಾಹೀರಾತಿನ ಹಣವೂ ಕಡಿಮೆಯಾಯಿತು. ಉಳಿದ ಜಾಲಗಳು ಆ ಹೊತ್ತನ್ನು ಹೊರಗಿನ ಕಂಪನಿಗಳಿಗೆ ವಹಿಸಿ, ಮೂರು ಗಂಟೆಯ ನಿಯಮ ತೀರಿದರೆ ಸಾಕೆಂದುಕೊಂಡವು. ಎ.ಬಿ.ಸಿ. 2011ರಲ್ಲಿಯೂ ಸಿ.ಬಿ.ಎಸ್. 2013ರಲ್ಲಿಯೂ ಪ್ರಾಣಿ, ಪ್ರವಾಸ ಮುಂತಾದ ಸಾಧಾರಣ ಚಿತ್ರಗಳಿಗೆ ಜಾಗ ಮಾಡಿಕೊಟ್ಟವು. ಕಟ್ಟಕಡೆಗೆ ಉಳಿದಿದ್ದ ಸಿ.ಡಬ್ಲ್ಯು. ಜಾಲವು 2014ರ ಸೆಪ್ಟೆಂಬರ್ 27ರ ಶನಿವಾರ ತನ್ನ ಕಾರ್ಟೂನುಗಳನ್ನು ನಿಲ್ಲಿಸಿತು. ಸುಮಾರು ಅರ್ಧ ಶತಮಾನ ನಡೆದುಬಂದ ಪದ್ಧತಿ ಯಾವ ಗದ್ದಲವೂ ಇಲ್ಲದೆ ಮುಗಿಯಿತು.

ಈಗಿನ ಸ್ಥಿತಿ ಏನೆಂದರೆ, ಮಗು ಬೇಕಾದಾಗ ಬೇಕಾದದ್ದನ್ನು ತೆರೆದು ನೋಡುತ್ತದೆ. ಹಿಂದೆ ಜಾಲದ ಅಧಿಕಾರಿ ಮಾಡುತ್ತಿದ್ದ ಆಯ್ಕೆಯನ್ನು ಇಂದು ಗಣಕಯಂತ್ರದ ಲೆಕ್ಕಾಚಾರ ಮಾಡುತ್ತದೆ. ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಮುಂದಿಡುತ್ತದೆ. ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಮಕ್ಕಳ ಮಾಹಿತಿಯನ್ನು ಕೂಡಿಹಾಕಿದ ಆರೋಪದ ಇತ್ಯರ್ಥಕ್ಕಾಗಿ 2019ರಲ್ಲಿ ಗೂಗಲ್ ಮತ್ತು ಯೂಟ್ಯೂಬ್ ಸಂಸ್ಥೆಗಳು 17 ಕೋಟಿ ಡಾಲರ್ ತೆರಬೇಕಾಯಿತು. ಅದೇ ವರ್ಷ ಮೂರು ಗಂಟೆಯ ನಿಯಮವನ್ನು ಕಮಿಷನ್ನು ಸಡಿಲಗೊಳಿಸಿ, ವರ್ಷಕ್ಕೆ ಒಟ್ಟು 156 ಗಂಟೆ ಎಂದು ಲೆಕ್ಕ ತೋರಿಸುವ ಅವಕಾಶವನ್ನಿತ್ತಿತು. ಸಾರ್ವಜನಿಕ ನಿಲಯಗಳಿಗೆ ಕೊಡಬೇಕಾಗಿದ್ದ ಸುಮಾರು 110 ಕೋಟಿ ಡಾಲರುಗಳನ್ನು ಅಲ್ಲಿನ ಸಂಸತ್ತು 2025ರ ಜುಲೈಯಲ್ಲಿ ಹಿಂದಕ್ಕೆ ಪಡೆಯಿತು. 'ಸೆಸಮಿ ಸ್ಟ್ರೀಟ್'ನ ಹೊಸ ಕಂತುಗಳು ಅದೇ ವರ್ಷ ಸಾರ್ವಜನಿಕ ನಿಲಯಗಳ ಜೊತೆಗೆ ನೆಟ್‌ಫ್ಲಿಕ್ಸ್‌ನಲ್ಲಿಯೂ ಬಂದವು. ಇನ್ನೊಂದು ಕಡೆ, ಹಳೆಯ ಕಾರ್ಟೂನುಗಳಿಗೆಂದೇ 2024ರಲ್ಲಿ 'ಮಿ ಟಿ.ವಿ. ಟೂನ್ಸ್' ಎಂಬ ಚಾನೆಲು ಹುಟ್ಟಿದೆ. ಅದರ ಕಾರ್ಟೂನುಗಳ ಜೊತೆ ಬೆಳೆದವರಿಗೆ ಈಗ ತಲೆ ನೆರೆತಿದೆ.

ಇದನ್ನೆಲ್ಲ ಓದಿದ ಮೇಲೆ ನಮಗೆ ತೋರಿದ್ದು ಇಷ್ಟು. ಆ ಶನಿವಾರದ ಕಾರ್ಟೂನುಗಳೇನೂ ಅಮೃತವಾಗಿರಲಿಲ್ಲ. ಅವುಗಳಲ್ಲಿ ಬಹುಪಾಲು ಅಗ್ಗದ ಸರಕೇ. ಅಂದು ಬೈದವರು ಇಂದು ಹಂಬಲಿಸುವುದಕ್ಕೆ ಕಾರಣ ಬೇರೆ. ಒಂದು ಗೊತ್ತಾದ ಹೊತ್ತಿತ್ತು. ಆ ಹೊತ್ತಿಗೆ ಅಣ್ಣತಮ್ಮಂದಿರು ಒಂದೇ ಪರದೆಯ ಮುಂದೆ ಕೂಡುತ್ತಿದ್ದರು. ಮುಗಿದ ಮೇಲೆ ಮುಂದಿನ ವಾರದವರೆಗೆ ಕಾಯಬೇಕಾಗಿತ್ತು. ಸೋಮವಾರ ಶಾಲೆಯಲ್ಲಿ ಎಲ್ಲರೂ ಅದನ್ನೇ ಮಾತನಾಡುತ್ತಿದ್ದರು. ಇಂದು ಸರಕು ಬೇಕಾದಷ್ಟಿದೆ. ಅದನ್ನು ಕೂಡಿ ನೋಡುವ ಹೊತ್ತು ಮಾತ್ರ ಹೋಗಿಬಿಟ್ಟಿದೆ.

ನಮ್ಮ ನಾಡಿನ ಸಂಗತಿ

ಭಾರತದಲ್ಲಿ ಟೆಲಿವಿಷನ್ ಮೊದಲು ಕಣ್ಣುಬಿಟ್ಟದ್ದು ನಾವಿರುವ ಈ ದೆಹಲಿಯಲ್ಲಿಯೇ, 1959ರ ಸೆಪ್ಟೆಂಬರ್ 15ರಂದು. ಎರಡು ವರ್ಷಗಳಲ್ಲಿ, ಅಂದರೆ 1961ರಲ್ಲಿ, ಇಲ್ಲಿನ ಶಾಲೆಗಳಿಗೆಂದು ಪಾಠಗಳ ಪ್ರಸಾರ ಮೊದಲಾಯಿತು. ಅಮೆರಿಕಾದಲ್ಲಿ ಮಕ್ಕಳ ಟೆಲಿವಿಷನ್ ಅಂಗಡಿಯಿಂದ ಹೊರಟಿತಾದರೆ ನಮ್ಮಲ್ಲಿ ಅದು ಪಾಠಶಾಲೆಯಿಂದ ಹೊರಟಿತು.

ಕನ್ನಡದ ಮಕ್ಕಳಿಗೆಂದು ಬೆಳಗಿನ ಟೆಲಿವಿಷನ್ ಒಂದು ಕಾಲಕ್ಕೆ ಇದ್ದಿತೆಂಬ ಸಂಗತಿ ಬಹುಮಂದಿಗೆ ತಿಳಿದಿರಲಾರದು. 1975ರ ಆಗಸ್ಟಿನಿಂದ 1976ರ ಜುಲೈ ತಿಂಗಳವರೆಗೆ ಒಂದು ವರ್ಷದ ಕಾಲ ಅಮೆರಿಕಾದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಎರವಲು ಪಡೆದು ನಮ್ಮ ಇಸ್ರೋ ಸಂಸ್ಥೆಯವರು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ತಲುಪಿಸಿದರು. ನಮ್ಮ ಪಾಲಿಗೆ ಬಂದವು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಳಿಗ್ಗೆ ಶಾಲೆಯ ಮಕ್ಕಳಿಗಾಗಿ ಒಂದೂವರೆ ಗಂಟೆಯ ಪ್ರಸಾರ. ಅದನ್ನು ಹಿಂದಿ, ಒರಿಯಾ, ತೆಲುಗು, ಕನ್ನಡ ಈ ನಾಲ್ಕು ಭಾಷೆಗಳು ಹಂಚಿಕೊಂಡಿದ್ದುವು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಹೀಗಾಗಿ ರಾಜಧಾನಿಯ ಮಕ್ಕಳಿಗಿಂತ ಮೊದಲು ರಾಯಚೂರು ಸೀಮೆಯ ಹಳ್ಳಿಯ ಹುಡುಗರು ಶಾಲೆಯ ಕೊಠಡಿಯಲ್ಲಿ ಒಟ್ಟಾಗಿ ಕುಳಿತು ಕನ್ನಡ ಟೆಲಿವಿಷನ್ ನೋಡಿದರು. ವರ್ಷ ತುಂಬಿದೊಡನೆ ಉಪಗ್ರಹ ಹಿಂದಕ್ಕೆ ಹೋಯಿತು.

ನಮ್ಮ ದೇಶದಲ್ಲಿ ಅಮೆರಿಕಾದ ಶನಿವಾರಕ್ಕೆ ಸಮಾನವಾದದ್ದು ಭಾನುವಾರ. 1987ರ ಜನವರಿಯಲ್ಲಿ ಆರಂಭವಾದ 'ರಾಮಾಯಣ'ವು ಭಾನುವಾರ ಬೆಳಿಗ್ಗೆ ಊರೂರನ್ನೇ ನಿಲ್ಲಿಸಿತ್ತೆಂದು ಹಿರಿಯರು ಬಲ್ಲರು. ನಾವು ಹುಡುಗರಾಗಿದ್ದಾಗ, 1990ರ ದಶಕದಲ್ಲಿ, 'ಜಂಗಲ್ ಬುಕ್' ಬಂದಿತು, 'ಡಕ್ ಟೇಲ್ಸ್' ಬಂದಿತು. ನಮ್ಮ ಮನೆಯಲ್ಲಿ ಟಿ.ವಿ. ಇರಲಿಲ್ಲವಾಗಿ ಎದುರುಮನೆಯ ಮೇಷ್ಟರ ಹಜಾರದಲ್ಲಿ ಕೇರಿಯ ಹುಡುಗರೆಲ್ಲ ಸೇರುತ್ತಿದ್ದೆವು. ಮಾತೆಲ್ಲ ಹಿಂದಿ. ನಮಗೆ ಒಂದಕ್ಷರವೂ ತಿಳಿಯದು. ಮೇಷ್ಟರ ಹಿರಿಯ ಮಗ ತನಗೆ ತೋಚಿದಂತೆ ಕನ್ನಡದಲ್ಲಿ ಹೇಳುತ್ತಿದ್ದ. ಆತ ಹೇಳಿದ್ದರಲ್ಲಿ ಅರ್ಧ ಸ್ವಂತ ಕಲ್ಪನೆಯೆಂದು ನಮಗೆ ದೆಹಲಿಗೆ ಬಂದು ಹಿಂದಿ ಕಲಿತ ಮೇಲೆ ಗೊತ್ತಾಯಿತು. ಆದರೂ ಆ ಕಥೆಗಳು ಇಂದಿಗೂ ನಮ್ಮ ನೆನಪಿನಲ್ಲಿರುವುದು ಕನ್ನಡದಲ್ಲಿಯೇ.

ಅದಕ್ಕೂ ಹಿಂದೆ 1986ರಲ್ಲಿ ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್'ನಲ್ಲಿ ಕನ್ನಡದ ಬಾಲಕ ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿಯೂ ಗಿರೀಶ ಕಾರ್ನಾಡರು ಅವನ ತಂದೆಯಾಗಿಯೂ ದೇಶಕ್ಕೆಲ್ಲ ಪರಿಚಿತರಾದರು. ನಮ್ಮ ನಾಡು, ನಮ್ಮ ಮಳೆ, ನಮ್ಮ ನಟರು. ಆದರೆ ದೇಶವೆಲ್ಲ ಕೇಳಿದ ಮಾತು ಹಿಂದಿಯದು.

ಕನ್ನಡದಲ್ಲಿ ಮಕ್ಕಳಿಗೆಂದೇ ಮೀಸಲಾದ 'ಚಿಂಟು ಟಿ.ವಿ.' 2009ರಲ್ಲಿ ಬಂದಿತು. 2002ರಿಂದ ಚಂದನ ವಾಹಿನಿಯಲ್ಲಿ ನಾ. ಸೋಮೇಶ್ವರ ಅವರು ನಡೆಸಿಕೊಡುತ್ತ ಬಂದ 'ಥಟ್ ಅಂತ ಹೇಳಿ' ಕಾರ್ಯಕ್ರಮದಲ್ಲಿ ಸರಿಯುತ್ತರಕ್ಕೆ ಕನ್ನಡ ಪುಸ್ತಕಗಳೇ ಬಹುಮಾನ. ಇವು ಸಂತೋಷದ ಸಂಗತಿಗಳು. ಆದರೆ ಕಾನೂನಿನ ಆಸರೆ ನಮ್ಮಲ್ಲಿ ಕಡಿಮೆ. ಜಾಹೀರಾತು ಗಂಟೆಗೆ 12 ನಿಮಿಷ ಮೀರಬಾರದೆಂದು ನಿಯಮವುಂಟು. ಪ್ರತಿದಿನ 30 ನಿಮಿಷ ಸಾರ್ವಜನಿಕ ಹಿತದ ಕಾರ್ಯಕ್ರಮವಿರಬೇಕೆಂದು 2022ರ ಮಾರ್ಗಸೂಚಿ ಹೇಳುತ್ತದೆ; ವಿದ್ಯೆ, ಕೃಷಿ, ಆರೋಗ್ಯ ಮುಂತಾದ ಬಾಬುಗಳು ಅದರಲ್ಲಿವೆ. ಆದರೆ ವಾರಕ್ಕೆ ಇಷ್ಟು ಗಂಟೆ ಮಕ್ಕಳಿಗೆ, ಅದೂ ಅವರ ಮಾತೃಭಾಷೆಯಲ್ಲಿ, ಎಂಬ ನಿಯಮ ನಮ್ಮಲ್ಲಿಲ್ಲ.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ತೊಡಕು. 2019ರಿಂದ ಬೇಕಾದ ಚಾನೆಲನ್ನು ನಾವೇ ಆರಿಸಿ ಹಣ ಕಟ್ಟುವ ಪದ್ಧತಿ ಬಂದಿದೆ. ಕನ್ನಡ ಬೇಕೆಂದು ನಾವು ಕೇಳಿದಾಗ ನಮ್ಮ ಬಡಾವಣೆಯ ಕೇಬಲ್ಲಿನವನು "ಇಲ್ಲಿ ಅದನ್ನು ಯಾರೂ ಕೇಳುವುದಿಲ್ಲವಲ್ಲ ಸಾಹೇಬರೇ" ಎಂದ. ಅವನು ಹೇಳಿದ್ದು ಸುಳ್ಳಲ್ಲ. ನಾವೂ ಆರು ವರ್ಷ ಕೇಳಿರಲಿಲ್ಲ.

ನಮ್ಮ ಮನೆಯ ಪ್ರಯೋಗ

ಅಮೆರಿಕಾದ ತಾಯಂದಿರಂತೆ ಶಾಸನ ತರುವ ಶಕ್ತಿ ನಮಗಿಲ್ಲ. ಆದರೆ ಹೋಗಿಬಿಟ್ಟದ್ದು ಕೂಡಿ ನೋಡುವ ಹೊತ್ತೇ ಆಗಿದ್ದರೆ ಆ ಹೊತ್ತನ್ನು ನಮ್ಮ ಮನೆಯಲ್ಲಿ ನಾವೇ ಗೊತ್ತುಮಾಡಬಹುದಲ್ಲವೇ ಎಂಬ ಯೋಚನೆ ಬಂದಿತು. ಶನಿವಾರ ಬೆಳಿಗ್ಗೆ ಒಂಬತ್ತರಿಂದ ಮುಕ್ಕಾಲು ಗಂಟೆ ಎಂದು ನಿಶ್ಚಯಿಸಿದೆವು. ಮೂರೇ ಕಟ್ಟಳೆಗಳು: ಮೊಬೈಲಿನಲ್ಲಲ್ಲ, ದೊಡ್ಡ ಪರದೆಯ ಮೇಲೆ, ಅಜ್ಜಿ ಜೊತೆಯಲ್ಲಿರಬೇಕು, ಹೊತ್ತು ಮುಗಿದೊಡನೆ ಕಥೆ ಎಲ್ಲಿದ್ದರೂ ನಿಲ್ಲಿಸತಕ್ಕದ್ದು.

ಮೊದಲು ಆರಿಸಿದ್ದು 1985ರ 'ಬೆಟ್ಟದ ಹೂವು'. ಬಾಲಕ ಪುನೀತ್ ರಾಜಕುಮಾರ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ. ಬಡವರ ಮನೆಯ ರಾಮು ಕಾಡಿನ ಹೂಗಳನ್ನು ಹುಡುಕಿ ತಂದು ಮಾರಿ, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಪುಸ್ತಕ ಕೊಳ್ಳಬೇಕೆಂದು ಕಾಸಿಗೆ ಕಾಸು ಕೂಡಿಸುವ ಕಥೆ.

ಮೊದಲನೆಯ ಶನಿವಾರ ದೊಡ್ಡ ಗಲಾಟೆಯಾಯಿತು. ಮೊಬೈಲು ಕಿತ್ತುಕೊಂಡದ್ದಕ್ಕೆ ಪುಟ್ಟಿ ಅತ್ತು, ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಕುಳಿತಳು. "ಮಗೂನ ಯಾಕೋ ಅಳಿಸ್ತೀಯ, ಬಿಡೋ" ಎಂದು ತಾಯಿಯವರೇ ನಮ್ಮನ್ನು ಗದರಿಸಿದರು. ನಮ್ಮ ಮನೆಯವರು ಅಡಿಗೆಮನೆಯಿಂದ "ನಿಮ್ಮ ಸರ್ಕಾರಿ ಸುತ್ತೋಲೆ ಇಲ್ಲಿ ನಡೆಯೋಲ್ಲಾಂದ್ರೆ" ಎಂದರು. ಹತ್ತು ನಿಮಿಷದ ಮೇಲೆ ಪರದೆಯ ಮೇಲೆ ಹುಡುಗನೊಬ್ಬ ಬೆಟ್ಟ ಹತ್ತುವುದು ಕಂಡು ಮುಖ ಅರ್ಧ ತಿರುಗಿತು. ಮುಕ್ಕಾಲು ಗಂಟೆ ಮುಗಿದು ಟಿ.ವಿ. ನಿಂತಾಗ ಅವಳು ಎರಡನೆಯ ಸಲ ಅತ್ತಳು. ಈ ಸಲ ನಿಲ್ಲಿಸಿದ್ದಕ್ಕೆ.

ಆ ವಾರದಲ್ಲಿ ಒಂದು ವಿಶೇಷ ನಡೆಯಿತು. ಮುಂದೇನಾಯಿತೆಂದು ತಿಳಿಯುವ ಆಸೆ ಅವಳಿಗೆ. ಮೊಬೈಲಿನಲ್ಲಿ ಹುಡುಕಲು ಕನ್ನಡದ ಹೆಸರು ಬರೆಯಲು ಬಾರದು. ನಮ್ಮನ್ನು ಕೇಳಿದರೆ ನಾವು ಹೇಳುವುದಿಲ್ಲ. ಉಳಿದವರು ಅಜ್ಜಿ. ಅಜ್ಜಿಗೆ ಹಿಂದಿ ಬಾರದು. ಬುಧವಾರ ಸಂಜೆ ನಾವು ಕಚೇರಿಯಿಂದ ಬರುವಾಗ ಒಳಗಿನಿಂದ ಮಾತು ಕೇಳಿಸಿತು. "ಅಜ್ಜಿ, ಆ ಹುಡುಗಂದು ಪೈಸೆ ಎಷ್ಟು ಆಯಿತು?" ವ್ಯಾಕರಣ ಹೇಗೇ ಇರಲಿ, ಕನ್ನಡ. ತಾಯಿಯವರು ಆ ಚಿತ್ರವನ್ನು ಬಂದ ಹೊಸತರಲ್ಲೇ ತಿಪಟೂರಿನ ಟಾಕೀಸಿನಲ್ಲಿ ನೋಡಿದವರು. ಆದರೂ ಏನೂ ಅರಿಯದವರಂತೆ "ನಂಗೇನು ಗೊತ್ತೇ? ನೀನೇ ಎಣಿಸು. ಒಂದು ಹೂವಿಗೆ ಎಷ್ಟು ಕೊಟ್ರು?" ಎನ್ನುತ್ತಿದ್ದರು.

ಮೂರನೆಯ ವಾರ ನೆಂಟರು ಬಂದು ಪಾಠ ತಪ್ಪಿತು. ಅಷ್ಟರಲ್ಲಿ ಮೇಲಿನ ಮಹಡಿಯ ಧಾರವಾಡದವರ ಇಬ್ಬರು ಹುಡುಗರಿಗೆ ಸುದ್ದಿ ಮುಟ್ಟಿ ಅವರೂ ಬಂದು ಸೇರಿದರು. ಅವರ 'ಹೌದಲ್ರೀ' ಪುಟ್ಟಿಗೆ ನಗು, ಇವಳ 'ಹೂಂ ಕಣೋ' ಅವರಿಗೆ ನಗು.

ಕಡೆಯ ಕಂತಿನಲ್ಲಿ ರಾಮು ಪುಸ್ತಕದ ಆಸೆಯನ್ನು ಬಿಟ್ಟು, ಕೂಡಿಟ್ಟ ಹಣದಿಂದ ಮನೆಯವರಿಗೆ ಚಳಿಗೆ ಕಂಬಳಿ ಕೊಂಡು ತರುತ್ತಾನೆ. ಪುಟ್ಟಿಗೆ ಕೋಪವೇ ಬಂದಿತು. "ಅವನು ಬುಕ್ ತಗೋಬೇಕಿತ್ತು! ಅಷ್ಟು ದಿನ ಹೂ ತಂದಿದ್ದು ಯಾಕೆ?" ಎಂದು ಅಜ್ಜಿಯ ಮೇಲೇ ಜಗಳಕ್ಕೆ ಹೋದಳು. ತಾಯಿಯವರು ತಮ್ಮ ಕಾಲಿನ ಮೇಲಿದ್ದ ರಜಾಯಿಯ ತುದಿಯನ್ನು ಅವಳ ಮೇಲೂ ಎಳೆದು, ತಾವು ಚಿಕ್ಕವರಿದ್ದಾಗ ಐವರು ಮಕ್ಕಳಿಗೆ ಒಂದೇ ಕಂಬಳಿಯಿದ್ದುದನ್ನೂ, ನಡುವೆ ಮಲಗುವುದಕ್ಕಾಗಿ ದಿನವೂ ಜಗಳವಾಗುತ್ತಿದ್ದುದನ್ನೂ, ತಮ್ಮ ಅಣ್ಣ ತಾನೇ ಯಾವಾಗಲೂ ಅಂಚಿನಲ್ಲಿ ಮಲಗುತ್ತಿದ್ದುದನ್ನೂ ಹೇಳಿದರು. ಆ ಸಂಗತಿಯನ್ನು ನಾವೂ ಅದುವರೆಗೆ ಕೇಳಿರಲಿಲ್ಲ. "ಆಮೇಲೆ?" ಎಂದಳು ಪುಟ್ಟಿ. ಟಿ.ವಿ. ನಿಂತು ಅರ್ಧ ಗಂಟೆಯಾಗಿತ್ತು.

ಇದರಿಂದ ಮಗಳು ಕನ್ನಡ ಪಂಡಿತೆಯಾದಳೆಂದು ನಾವು ಹೇಳುವುದಿಲ್ಲ. ಶಾಲೆಯಲ್ಲಿ, ಅಂಗಳದಲ್ಲಿ ಅವಳದು ಹಿಂದಿಯೇ. ಮೊಬೈಲಿಗಾಗಿ ಅಳುವುದೂ ನಿಂತಿಲ್ಲ. ಮಾರ್ಚಿಯಲ್ಲಿ ತಾಯಿಯವರು ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೊರಟರು. ಆರ್ಥಿಕ ವರ್ಷದ ಕೊನೆಯೆಂದು ನಮಗೂ ಎರಡು ಶನಿವಾರ ಕಚೇರಿಗೆ ಹೋಗಬೇಕಾಗಿ ಬಂದು ಪದ್ಧತಿ ಮುರಿಯಿತು. ಒಳ್ಳೆಯ ಪದ್ಧತಿಗಳು ಸಾಮಾನ್ಯವಾಗಿ ಮುರಿಯುವುದು ಹೀಗೆಯೇ, ನಮ್ಮಂತಹ ದೊಡ್ಡವರಿಂದ.

ಒಂದು ವಿನಂತಿ

ಅಮೆರಿಕಾದಂತಹ ಸಿರಿವಂತ ದೇಶದಲ್ಲಿಯೇ ಮಕ್ಕಳ ಹೊತ್ತನ್ನು ಅಂಗಡಿಯೂ ಉಳಿಸಲಿಲ್ಲ, ಶಾಸನವೂ ಪೂರ್ತಿಯಾಗಿ ಉಳಿಸಲಾರದೆ ಹೋಯಿತು. ನಮ್ಮ ಚಾನೆಲುಗಳವರೂ ಸರ್ಕಾರದವರೂ ಮಾಡಬೇಕಾದದ್ದು ಬೇಕಾದಷ್ಟಿದೆ. ಅದನ್ನು ಕೇಳುತ್ತಲೇ ಇರೋಣ. ಅಲ್ಲಿಯವರೆಗೆ ನಮ್ಮ ಸಂಘದ ಸಭಾಂಗಣದಲ್ಲಿ ತಿಂಗಳಿಗೊಂದು ಶನಿವಾರ ಬೆಳಿಗ್ಗೆ ಒಂದು ಗಂಟೆ ಮಕ್ಕಳಿಗೆಂದು ಮೀಸಲಿಟ್ಟರೆ ಹೇಗೆ? 'ಪುಟಾಣಿ ಏಜೆಂಟ್ 123'ರಂತಹ ಚಿತ್ರಗಳು ನಮ್ಮಲ್ಲಿವೆ. ಊರಿನಿಂದ ಬಂದಿರುವ ಅಜ್ಜ ಅಜ್ಜಿಯರು ದೆಹಲಿಯ ಪ್ರತಿ ಬಡಾವಣೆಯಲ್ಲಿಯೂ ಹಗಲೆಲ್ಲ ಮಾತಿಗೆ ಜನವಿಲ್ಲದೆ ಬಾಲ್ಕನಿಯಲ್ಲಿ ಕುಳಿತಿದ್ದಾರೆ. ಅರ್ಧ ಚಿತ್ರ ತೋರಿಸಿ ನಿಲ್ಲಿಸಿ, ಮಿಕ್ಕದ್ದನ್ನು ಅವರಿಗೆ ಬಿಟ್ಟರೆ ಸಾಕು. ಖರ್ಚು ಕಾಫಿ ತಿಂಡಿಯದಷ್ಟೆ. ಕಾರ್ಯಕಾರಿ ಸಮಿತಿಯವರು ಇದನ್ನು ಪರಿಶೀಲಿಸಬೇಕೆಂದು ಪ್ರಾರ್ಥಿಸುತ್ತೇವೆ. ಕುರ್ಚಿ ಹಾಕಲು, ಎತ್ತಲು ನಾವು ಬರುತ್ತೇವೆ.

ನಮ್ಮ ಮನೆಯ ಪದ್ಧತಿ ಏಪ್ರಿಲಿನಿಂದ ಮತ್ತೆ ನಡೆದಿದೆ. ಅದನ್ನು ಪುನಃ ಆರಂಭಿಸಿದ ಕೀರ್ತಿ ನಮ್ಮದಲ್ಲ. ಒಂದು ಶನಿವಾರ ನಾವಿನ್ನೂ ಮಲಗಿದ್ದಾಗ ಪಕ್ಕದ ಕೋಣೆಯಲ್ಲಿ ಮಾತು ಕೇಳಿಸಿತು. ಪುಟ್ಟಿ ತಾನೇ ಎದ್ದು, ತಿಪಟೂರಿಗೆ ವೀಡಿಯೋ ಕರೆ ಮಾಡಿ, ಮೊಬೈಲನ್ನು ಟಿ.ವಿ.ಯ ಕಡೆ ಮುಖಮಾಡಿ ಸ್ಟೂಲಿನ ಮೇಲೆ ನಿಲ್ಲಿಸುತ್ತಿದ್ದಳು.

"ಅಜ್ಜಿ, ನೀನು ಎದ್ದಿತಾ?" ಎಂದು ಕೇಳಿದಳು.

"ಎದ್ದಿತು ಕಣೇ, ಕಾಫೀನೂ ಕುಡೀತು" ಎಂದು ಆ ಕಡೆಯಿಂದ ತಾಯಿಯವರು ನಗುತ್ತ ಉತ್ತರ ಕೊಟ್ಟರು.